ಒಂಬತ್ತು ದಿನದ ಮಬ್ಬು

ಮನೆಯ ವಿಷಯಕ್ಕೆ ವಕೀಲರನ್ನು ಕರೆದುಕೊಂಡು ಬಾ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದು ಶಿವಲಿಂಗಂ ಕಿವಿಗೆ ಬಿದ್ದದ್ದು ಒಂದು ಮಂಗಳವಾರ, ಅವರಿಗೇ ಬಿಸಿನೀರಿನ ಚೀಲ ತುಂಬಿಸಿಕೊಂಡು ಬರುತ್ತಿದ್ದಾಗ. ಬಾಗಿಲ ಈಚೆಗೇ ನಿಂತುಬಿಟ್ಟ.

"ಹೂಂ ವಿಭಾ, ಪೊಂಗಲ್‌ಗೆ ಮುಂಚೇನೇ ಆಗಲಿ ಕಣಮ್ಮ. ನನಗೆ ನೆನಪು ನೆಟ್ಟಗಿರೋವಾಗಲೇ ಮುಗಿಸಿಬಿಡೋಣ."

ಅಷ್ಟೇ ಕೇಳಿಸಿದ್ದು. ಅವನಿಗೆ ಅಷ್ಟೇ ಸಾಕಾಯಿತು. ಚೀಲ ಅತ್ತೆಯ ಸೊಂಟದ ಕೆಳಗಿಟ್ಟು, ಬಿಸಿ ಹೆಚ್ಚಾಯಿತೇ ಎಂದು ಕೇಳಿ, ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ.

ರುಕ್ಮಿಣಮ್ಮ ಅವನ ತಂದೆಯ ತಂಗಿ. ತಂದೆ ಕೊಳ್ಳೇಗಾಲ ಬಿಟ್ಟು ಅನ್ನೂರಿಗೆ ಬಂದು ನೆಲೆಸಿದವರು. ಅನ್ನೂರಿನ ನೂಲಿನ ಗಿರಣಿ ಮುಚ್ಚಿದಾಗ ಅಲ್ಲಿ ವೈರ್‌ಮ್ಯಾನ್ ಆಗಿದ್ದ ಶಿವಲಿಂಗಂ, ಹೆಂಡತಿ ಚಂದ್ರಾಳೊಂದಿಗೆ ಎರಡು ತಿಂಗಳ ಮಟ್ಟಿಗೆಂದು ತಿರುಪ್ಪೂರಿನ ಈ ಮನೆಗೆ ಬಂದಿದ್ದ. ಆ ಎರಡು ತಿಂಗಳು ಹನ್ನೆರಡು ವರ್ಷವಾಗಿತ್ತು. ಅತ್ತೆಗೆ ಮಕ್ಕಳಿಲ್ಲ. ಮಾವ ಸುಬ್ರಹ್ಮಣ್ಯ ತೀರಿಕೊಂಡಾಗ ಮಗನ ಸ್ಥಾನದಲ್ಲಿ ನಿಂತು ಬೆಂಕಿ ಇಟ್ಟವನು ಅವನು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ, ಮೂರು ವರ್ಷದಿಂದ, ಬೆಳಿಗ್ಗೆ ಎತ್ತಿ ಕೂರಿಸಿ ರಾತ್ರಿ ಮಲಗಿಸುವವನೂ ಅವನೇ. ವಿಭಾ ಮಾವನ ತಮ್ಮನ ಮಗಳು. ಕೊಯಮತ್ತೂರಿನಲ್ಲಿ ಆಡಿಟರ್. ವರ್ಷಕ್ಕೆ ಎರಡು ಸಲ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದು, ದೊಡ್ಡಮ್ಮನ ಕೈ ಹಿಡಿದು ಕೂತು, ಬಿಸಿಲು ಇಳಿಯುವ ಮೊದಲೇ ಕಾರು ಹತ್ತುವವಳು. ಮನೆ ಅವಳಿಗೆ. ತನಗೂ ಚಂದ್ರಾಳಿಗೂ ಬೀದಿ.

ಜಗಳವಾಡಲು ಅವನಿಗೆ ಬರುತ್ತಿರಲಿಲ್ಲ. ಗಿರಣಿ ಮುಚ್ಚಿದ ದಿನವೂ ಗೇಟಿನ ಮುಂದೆ ಎಲ್ಲರ ಜೊತೆ ನಿಂತು, ಎಲ್ಲರ ಜೊತೆ ಮನೆಗೆ ಬಂದವನು. ಬಾಯಿಬಿಟ್ಟು ಕೇಳಿದರೆ ಅತ್ತೆ ಇಲ್ಲ ಎನ್ನಬಹುದು. ಇಲ್ಲ ಎಂದ ಮೇಲೆ ಮತ್ತೆ ಅವರ ಬೆನ್ನಿನ ಕೆಳಗೆ ಕೈ ಹಾಕಿ ಎತ್ತುವುದು ಹೇಗೆ? ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಆ ಕಲ್ಲಿನ ಮೇಲೆ ಕೂತು, ಕೇಳದೆಯೇ ಪಡೆಯುವ ದಾರಿಯೊಂದನ್ನು ಅವನು ಮೊದಲ ಸಲ ಯೋಚಿಸಿದ.

ದಾರಿ ಸುಲಭವಾಗಿಯೇ ಇತ್ತು. ಉಯಿಲನ್ನು ರಿಜಿಸ್ಟರ್ ಮಾಡಿಸಲೇಬೇಕೆಂದಿಲ್ಲ, ಬರೆದವರ ರುಜು ಮತ್ತು ಇಬ್ಬರು ಸಾಕ್ಷಿಗಳಿದ್ದರೆ ನಿಲ್ಲುತ್ತದೆ ಎಂದು ಗಿರಣಿಯ ಹಳೆಯ ಗೆಳೆಯ ಸೆಲ್ಲಪ್ಪನ್ ಹೇಳಿದ. ತಾನೊಬ್ಬ, ತನ್ನ ಭಾವಮೈದುನ ಒಬ್ಬ, ಸಾಕ್ಷಿ ಹಾಕುತ್ತೇವೆ ಎಂದ. ಒಂದೇ ಪುಟ, ತಮಿಳಿನಲ್ಲಿ, ಪಕ್ಕದೂರು ಅವಿನಾಶಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಾಯಿತು. ತಿರುಪ್ಪೂರಿನಲ್ಲಿ ಮಾಡಿಸಲಿಲ್ಲ. ಅಲ್ಲಿ ಗುರುತಿನವರು ಯಾರಾದರೂ ಇರುತ್ತಾರೆ.

ತೊಡಕು ಒಂದೇ. ಅತ್ತೆ ಓದುತ್ತಿದ್ದರು. ಕೊಳ್ಳೇಗಾಲದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಬಸ್ಸಿನ ಬೋರ್ಡು ನೋಡಿ ನೋಡಿ ತಮಿಳು ಕಲಿತವರು ಅವರು. ಗ್ಯಾಸಿನ ರಸೀದಿಯನ್ನೂ ಹಿಂದುಮುಂದು ತಿರುಗಿಸಿ ಓದದೆ ಬಿಡುತ್ತಿರಲಿಲ್ಲ. ಒಂದೊಂದೇ ಅಕ್ಷರದ ಮೇಲೆ ಭೂತಗಾಜು ಇಟ್ಟು, ತುಟಿ ಅಲ್ಲಾಡಿಸುತ್ತಾ, ಪೂರಾ ಓದುತ್ತಿದ್ದರು. ಓದಲು ಅವರಿಗೆ ಬೇಕಾದದ್ದು ಬೆಳಕು.

ಆ ಕೋಣೆಗೆ ಹಗಲು ಬರುತ್ತಿರಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಬನಿಯನ್ ಕಂಪನಿಯವರು ಮೂರು ಅಂತಸ್ತು ಎಬ್ಬಿಸಿ ಕಿಟಕಿಯನ್ನು ಮುಚ್ಚಿಹಾಕಿದ್ದರು. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಬೇಕು. ಇದ್ದದ್ದು ಒಂದು ಟ್ಯೂಬ್‌ಲೈಟು, ಮತ್ತೆ ಮಂಚದ ಮೇಲ್ಗಡೆ ಒಂದು ದೊಡ್ಡ ಗುಂಡು ಬಲ್ಬು. ಆ ಬಲ್ಬಿಗೆ ಮಾವ ಡಿಮ್ಮರ್ ಸ್ವಿಚ್ಚು ಹಾಕಿಸಿದ್ದರು. ಅವರು ಡೈಯಿಂಗ್ ಮಾಸ್ಟರ್. ಬಣ್ಣ ಹಾಕಿದ ಬಟ್ಟೆಯ ತುಂಡುಗಳನ್ನು ಮನೆಗೆ ತಂದು, ಬೆಳಕನ್ನು ಏರಿಸಿ ಇಳಿಸಿ, ಯಾವ ಬೆಳಕಲ್ಲಿ ಬಣ್ಣ ಹೇಗೆ ಕಾಣುತ್ತದೆಂದು ನೋಡುತ್ತಿದ್ದರು. ಅವರು ಹೋದ ಮೇಲೆ ಸ್ವಿಚ್ಚು ಅತ್ತೆಯದಾಯಿತು. ಮಂಚದಿಂದ ಕೈ ಚಾಚಿದರೆ ಸಿಗುವ ಎತ್ತರದಲ್ಲಿ, ಗೋಡೆಯ ಮೇಲೆ. ಪೇಪರ್ ಓದುವಾಗ ಪೂರ್ತಿ ಏರಿಸುವರು. ಮಲಗುವಾಗ ಒಂದು ಮಿಣುಕಿಗೆ ಇಳಿಸುವರು.

ಶಿವಲಿಂಗಂ ಕೆಲಸ ಮುಗಿಸಲು ಅತ್ತೆಯ ಸ್ನಾನದ ಹೊತ್ತು ಸಾಕಾಯಿತು. ಚಂದ್ರಾ ಅವರನ್ನು ಗಾಲಿ ಕುರ್ಚಿಯಲ್ಲಿ ಬಚ್ಚಲಿಗೆ ತಳ್ಳಿಕೊಂಡು ಹೋಗಿದ್ದಳು. ಅವನು ಡಿಮ್ಮರನ್ನು ಕೆಳಮಟ್ಟಕ್ಕೆ ತಿರುಗಿಸಿದ. ತಿರುಗಿಸುವ ಪ್ಲಾಸ್ಟಿಕ್ ಗುಂಡಿಯನ್ನು ಹೊರಕ್ಕೆಳೆದ. ಗುಂಡಿಯೊಳಗಿನ ತೂತು ಒಂದು ಕಡೆ ಚಪ್ಪಟೆ. ಒಳಗಿನ ಕಡ್ಡಿಯೂ ಹಾಗೇ. ಈ ಚಪ್ಪಟೆ ಆ ಚಪ್ಪಟೆಯನ್ನು ಹಿಡಿದರೆ ಮಾತ್ರ ಗುಂಡಿಯ ಜೊತೆ ಕಡ್ಡಿ ತಿರುಗುತ್ತದೆ. ಸಣ್ಣ ಅರದಿಂದ ತೂತನ್ನು ದುಂಡಗೆ ಉಜ್ಜಿ, ಗುಂಡಿಯನ್ನು ಮತ್ತೆ ಒತ್ತಿ ಕೂರಿಸಿದ. ಈಗ ಗುಂಡಿ ಎಷ್ಟು ಬೇಕಾದರೂ ತಿರುಗುತ್ತಿತ್ತು, ಬೆಳಕು ಏರುತ್ತಿರಲಿಲ್ಲ. ಹಳೆಯ ಸ್ವಿಚ್ಚು ಸವೆದಿದೆ ಎಂದು ಯಾರು ನೋಡಿದರೂ ಹೇಳುತ್ತಾರೆ. ಟ್ಯೂಬ್‌ಲೈಟಿನ ಸ್ಟಾರ್ಟರ್ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅಲ್ಲಿಗೆ ಮುಗಿಯಿತು. ಯಾವ ವೈರನ್ನೂ ಮುಟ್ಟಲಿಲ್ಲ. ಅತ್ತೆಗೆ ಒಂದಿಷ್ಟು ಕರೆಂಟೂ ತಗಲಬಾರದು ಎಂಬುದರಲ್ಲಿ ಅವನು ಕಟ್ಟುನಿಟ್ಟಾಗಿದ್ದ.

ಅಂದು ಸಂಜೆ ಚಂದ್ರಾ ಕೇಳಿದಳು. "ನೀವು ವೈರ್‌ಮ್ಯಾನ್ ತಾನೇ? ಅತ್ತೆ ಕತ್ತಲಲ್ಲಿ ಕೂತವ್ರೆ. ಒಂದು ಸ್ವಿಚ್ ಸರಿ ಮಾಡಕ್ಕಾಗಲ್ವಾ?"

"ಹಳೇ ಮಾಡಲ್. ಪಾರ್ಟ್ ಸಿಗಲ್ಲ. ಕೊಯಮತ್ತೂರಲ್ಲಿ ಕೇಳ್ತೀನಿ."

"ಅಲ್ಲೀವರೆಗೂ ಟೇಬಲ್ ಲ್ಯಾಂಪಾದ್ರೂ ಇಡೋಣ."

"ಆ ಲೈನಲ್ಲೇ ಎಲ್ಲೋ ಸೋರಿಕೆ ಇದೆ ಚಂದ್ರಾ. ಷಾಕ್ ಹೊಡೆದ್ರೆ ಯಾರು ಹೊಣೆ?"

ಕರೆಂಟಿನ ವಿಷಯದಲ್ಲಿ ಅವನ ಮಾತಿಗೆ ಎದುರಾಡುವವರು ಆ ಮನೆಯಲ್ಲಿರಲಿಲ್ಲ. ಮರುದಿನ ಅವನು ಕೊಯಮತ್ತೂರಿಗೆ ಹೋಗಿಯೂ ಬಂದ. ಹೊಸ ಡಿಮ್ಮರ್ ಮೊದಲನೆಯ ಅಂಗಡಿಯಲ್ಲೇ ಸಿಕ್ಕಿತು. ಅದನ್ನು ಚೀಲಕ್ಕೆ ಹಾಕಿಕೊಂಡು, ಇಷ್ಟು ಬೇಗ ಹಿಂತಿರುಗುವಂತಿಲ್ಲವೆಂದು ಉಕ್ಕಡಂ ಕೆರೆಯ ಏರಿಯ ಮೇಲೆ ಎರಡು ಗಂಟೆ ಕೂತ. ಮೀನಿನ ಮಾರ್ಕೆಟ್ಟಿನ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಸಂಜೆ ಬರಿಗೈ ತೋರಿಸಿದ. ಡಿಮ್ಮರ್ ಸ್ಕೂಟರಿನ ಡಿಕ್ಕಿಯೊಳಗೆ ಬೀಗದಲ್ಲಿತ್ತು.

ಒಂಬತ್ತು ದಿನ ಕಾದ. ತೀರ ಮೊದಲೇ ಹೋದರೆ ಅತ್ತೆ ಬೆಳಕು ಬರಲಿ ಎನ್ನುತ್ತಾರೆ, ಮಬ್ಬು ಅಭ್ಯಾಸವಾಗಬೇಕು. ಯೋಜನೆಯಲ್ಲಿ ಇದೇ ಸುಲಭದ ಭಾಗ ಎಂದುಕೊಂಡಿದ್ದ. ಆದರೆ ಗೋಡೆಯ ಈಚೆ ಮಲಗಿದರೆ ಆ ಸದ್ದು ಕೇಳುತ್ತಿತ್ತು. ಅತ್ತೆ ಗುಂಡಿ ತಿರುಗಿಸುತ್ತಿದ್ದರು. ಕಿರ್ರ್, ಕಿರ್ರ್. ನಿಲ್ಲಿಸುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಿರ್ರ್. ದೂರಲಿಲ್ಲ, ಯಾರನ್ನೂ ಕೂಗಲಿಲ್ಲ. ನಾಲ್ಕನೆಯ ದಿನದಿಂದ ಪೇಪರು ಮಡಿಕೆ ಬಿಚ್ಚದೆ ಮಂಚದ ಪಕ್ಕ ಉಳಿಯತೊಡಗಿತು. ಆರನೆಯ ದಿನ ಊಟದ ತಟ್ಟೆ ಮುಂದಿಟ್ಟಾಗ, ಸಾರು ಯಾವುದು ಮಜ್ಜಿಗೆ ಯಾವುದು ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಆ ಗಳಿಗೆ ಶಿವಲಿಂಗಂ ಸ್ಕೂಟರಿನವರೆಗೂ ಹೋದ. ಡಿಕ್ಕಿಯ ಬೀಗಕ್ಕೆ ಕೀಲಿ ಕೂಡ ಹಾಕಿದ. ವಿಭಾಳ ಕಾರು ನೆನಪಿಗೆ ಬಂತು. ಕೀಲಿ ತೆಗೆದು ವಾಪಸ್ ಬಂದ.

ಹತ್ತನೆಯ ದಿನ, ಚಂದ್ರಾ ಬನಿಯನ್ ಕಂಪನಿಯ ಕೆಲಸಕ್ಕೆ ಹೋದ ಮೇಲೆ, ಹನ್ನೊಂದು ಗಂಟೆಗೆ ಅವನು ಕಾಗದ, ಪೆನ್ನು, ಬರೆಯಲು ಆನಿಸುವ ಹಲಗೆ ಹಿಡಿದು ಒಳಗೆ ಹೋದ.

"ಅತ್ತೆ, ಕರೆಂಟ್ ಮೀಟರ್ ಇನ್ನೂ ಮಾವನ ಹೆಸರಲ್ಲೇ ಇದೆ. ನಿಮ್ಮ ಹೆಸರಿಗೆ ಮಾಡಕ್ಕೆ ಅರ್ಜಿ. ಇಲ್ಲಿ ಒಂದು ರುಜು ಹಾಕಿ."

ರುಕ್ಮಿಣಮ್ಮ ಕಾಗದವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಬಲ್ಬಿನೊಳಗಿನ ತಂತಿ ಬೀಡಿಯ ಕೆಂಡದಷ್ಟೇ ಕೆಂಪಗಿತ್ತು.

"ಲೈಟ್ ಸರಿಯಾಗಲಿ ಲಿಂಗಾ. ಓದಿ ಹಾಕ್ತೀನಿ."

"ಇವತ್ತೇ ಕಡೇ ದಿನ ಅತ್ತೆ. ಒಂದು ಗಂಟೆಗೆ ಕರೆಂಟ್ ಆಫೀಸಲ್ಲಿ ಕೊಡದಿದ್ರೆ ಲೈನ್ ಕಟ್ ಮಾಡ್ತಾರೆ. ಆಮೇಲೆ ಫ್ಯಾನೂ ಇಲ್ಲ, ಏನೂ ಇಲ್ಲ."

ಅವರು ಅವನ ಮುಖ ನೋಡಿದರು. ಆ ಮಬ್ಬಿನಲ್ಲಿ ಅವರಿಗೇನು ಕಂಡಿತೋ. ನೋಡುತ್ತಲೇ ಇದ್ದರು, ಎತ್ತಿ ಕೂರಿಸುವಾಗ ಅವನ ಹೆಗಲಿಗೆ ಜೋತುಬಿದ್ದು ನೋಡುವ ಹಾಗೆ, ಬೇರೆ ಆಸರೆಯಿಲ್ಲದವರ ಹಾಗೆ.

"ಮೀಟರಿಗಾ?"

"ಮೀಟರಿಗೇ ಅತ್ತೆ."

"ಪೆನ್ ಕೊಡು."

ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ನಿಧಾನವಾಗಿ ಬರೆದರು. ಕಾಗದ ಹಿಂತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ಒರಗಿದರು.

ಅವನು ಅಂಗಳಕ್ಕೆ ಹೋಗಿ ಬಿಸಿಲಿನಲ್ಲಿ ಹಿಡಿದು ಪರೀಕ್ಷಿಸಿದ. ಮಸಿ ಕಲಸಿಲ್ಲ, ಗೆರೆ ತಪ್ಪಿಲ್ಲ. ದುಂಡು ದುಂಡು ಅಕ್ಷರ, ಮೂರು, ಒಂದಕ್ಕೆ ಕೆಳಗೆ ಜೋತುಬಿದ್ದ ಪುಟ್ಟ ಒತ್ತು. ಗ್ಯಾಸಿನ ಪುಸ್ತಕದಲ್ಲಿ ನೋಡಿದ್ದ ಅವರ ರುಜುವೂ ಇಂಥದ್ದೇ ಎಂದು ನೆನಪಿನಲ್ಲಿ ತಾಳೆ ಹಾಕಿದ. ಸಾಕ್ಷಿಗಳಿಬ್ಬರೂ ಮೊದಲೇ ರುಜು ಹಾಕಿದ್ದ ಕಾಗದವನ್ನು ಕವರಿಗೆ ಹಾಕಿ ಅಂಟಿಸಿದ. ಆಮೇಲೆ ಮೇನ್ ಆಫ್ ಮಾಡಿ, ಟೆಸ್ಟರಿನಿಂದ ನೋಡಿಕೊಂಡು, ಹಳೆಯ ಡಿಮ್ಮರ್ ಬಿಚ್ಚಿ ಹೊಸದನ್ನು ಕೂರಿಸಿದ. ಗಿರಣಿಯಲ್ಲಿ ಇಪ್ಪತ್ತು ವರ್ಷ ಮಾಡಿದ ಕೈ. ಹತ್ತು ನಿಮಿಷದ ಕೆಲಸ. ಸ್ಟಾರ್ಟರೂ ತನ್ನ ಜಾಗ ಸೇರಿತು. ಗುಂಡಿ ತಿರುಗಿಸಿದಾಗ ಬೆಳಕು ಮೆಲ್ಲಗೆ ಏರಿ ಕೋಣೆ ತುಂಬಿತು. ಮಂಚ, ಔಷಧದ ಶೀಷೆ, ಮಡಿಸಿಟ್ಟ ಏಳು ದಿನದ ಪೇಪರು.

"ಪಾರ್ಟ್ ಸಿಕ್ಕಿತಾ?" ಎಂದರು ರುಕ್ಮಿಣಮ್ಮ.

"ಸಿಕ್ಕಿತು ಅತ್ತೆ."

"ಒಳ್ಳೇದಾಯ್ತು." ಕಣ್ಣಿಗೆ ಸೆರಗು ಅಡ್ಡ ಹಿಡಿದುಕೊಂಡರು.

ವಿಭಾ ವಕೀಲರನ್ನು ಕರೆತರಲಿಲ್ಲ. ಪೊಂಗಲ್ ಬಂತು, ಹೋಯಿತು. ಏಕೆಂದು ತಿಳಿಯದಿದ್ದರೂ ಕಾಲವೂ ತನ್ನ ಕಡೆ ಇದೆ ಎಂದು ಶಿವಲಿಂಗಂ ನಂಬಿದ. ಅತ್ತೆಯನ್ನು ಮೊದಲಿಗಿಂತ ಚೆನ್ನಾಗಿ ನೋಡಿಕೊಂಡ. ಅವರು ಕೇಳದೆಯೇ ಭೂತಗಾಜು ಒರೆಸಿಡುತ್ತಿದ್ದ. ಅವರು ಮಾತ್ರ ಪೇಪರು ಬಿಡಿಸುವುದನ್ನೇ ನಿಲ್ಲಿಸಿದ್ದರು. ಪಂಗುಣಿ ತಿಂಗಳಲ್ಲಿ, ಬೇಸಿಗೆ ಶುರುವಾಗುವ ಹೊತ್ತಿಗೆ, ಜ್ವರ ಬಂತು. ಐದನೆಯ ದಿನ, ಅವನು ಎತ್ತಿ ಕೂರಿಸಿ ಗಂಜಿ ಕುಡಿಸುತ್ತಿದ್ದಾಗ, ಅವನ ತೋಳಿನ ಮೇಲೆಯೇ ರುಕ್ಮಿಣಮ್ಮನ ತಲೆ ವಾಲಿತು. ಅವನು ಅತ್ತದ್ದು ನಿಜವಾಗಿಯೂ ಅತ್ತದ್ದೇ. ಅದರಲ್ಲಿ ಯೋಜನೆ ಇರಲಿಲ್ಲ.

ಹದಿನಾರನೆಯ ದಿನದ ಕಾರ್ಯ ಮುಗಿದು, ಊಟವಾಗಿ, ನೆಂಟರು ಪಡಸಾಲೆಯ ಜಮಖಾನದ ಮೇಲೆ ಕೂತಾಗ ಅವನು ಕವರು ತಂದ. ಸೆಲ್ಲಪ್ಪನ್ ಗಂಟಲು ಸರಿ ಮಾಡಿಕೊಂಡು, ತಾನೂ ಭಾವಮೈದುನನೂ ಎದುರಿಗಿದ್ದಾಗಲೇ ಅಮ್ಮ ರುಜು ಹಾಕಿದರೆಂದು ಹೇಳಿದ. ವಿಭಾ ಪುಟವನ್ನು ಪೂರ್ತಿ ಓದಿದಳು. ಶಿವಲಿಂಗಂ ಅವಳ ಹುಬ್ಬನ್ನೇ ನೋಡುತ್ತಿದ್ದ.

"ಇದೇ ಸರಿ ಭಾವ," ಎಂದಳು ಅವಳು. "ದೊಡ್ಡಮ್ಮ ಮನೇನ ನಿಮಗೇ ಬರೀಬೇಕು ಅಂತ ವಕೀಲರನ್ನ ಕರ್ಕೊಂಡು ಬರೋಕೆ ಹೇಳಿದ್ರು. ಲಿಂಗನಿಗೆ ಈಗಲೇ ಹೇಳಬೇಡ, ಪೊಂಗಲ್ಗೆ ಕೈಲಿ ಕೊಡ್ತೀನಿ ಅಂದ್ರು. ಆಮೇಲೆ ಏನೋ, ಫೋನ್ ಮಾಡಿ ಬೇಡ ಬಿಡು ಅಂದ್ಬಿಟ್ರು. ತಾವೇ ಬರೆದಿಟ್ಟಿದ್ರಾ ಹಾಗಾದ್ರೆ."

ಆ ಒಂಬತ್ತು ದಿನ ಬೇಕಿರಲಿಲ್ಲ. ಆ ಕಿರ್ರ್ ಸದ್ದು ಬೇಕಿರಲಿಲ್ಲ. ಎದ್ದು ಹೊರಗೆ ಓಡಬೇಕೆನಿಸಿತು. ಚಂದ್ರಾ ಬಾಯಿಗೆ ಸೆರಗಿಟ್ಟು ಅಳುತ್ತಾ ಪಕ್ಕದಲ್ಲೇ ಕೂತಿದ್ದಳು. ಹೋಗಲಿ, ಎಂದು ತನಗೆ ತಾನೇ ಹೇಳಿಕೊಂಡ. ಅತ್ತೆ ಕೊಡಬೇಕೆಂದಿದ್ದನ್ನೇ ಈ ಕಾಗದವೂ ಕೊಡುತ್ತದೆ. ಯಾರಿಗೂ ನಷ್ಟವಿಲ್ಲ, ಯಾರಿಗೂ ಎಂದಿಗೂ ತಿಳಿಯುವುದಿಲ್ಲ.

ಕಾಗದ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಟೈಪಾದ ತಮಿಳನ್ನು ಓದಿ, ಕೆಳಗಿನ ದುಂಡು ಕನ್ನಡ ರುಜುವಿಗೆ ತಲೆಯಾಡಿಸಿ, ಮುಂದೆ ಕೊಟ್ಟರು. ಮನೆಯಲ್ಲಿ ಕನ್ನಡವನ್ನೇ ಆಡುತ್ತಾ ಬೆಳೆದವರು ಅವರೆಲ್ಲ, ಶಿವಲಿಂಗಂ ಕೂಡ. ಆದರೆ ಕಲಿತದ್ದು ತಮಿಳು ಶಾಲೆಯಲ್ಲಿ, ಕನ್ನಡದ ಒಂದಕ್ಷರವೂ ಒಬ್ಬರಿಗೂ ಬರುತ್ತಿರಲಿಲ್ಲ. ಅದನ್ನು ಯಾರೂ ಒಂದು ಕೊರತೆಯೆಂದು ನೆನೆದವರಲ್ಲ. ಕಡೆಗೆ ಕಾಗದ ಮೂಲೆಯಲ್ಲಿ ಕೂತಿದ್ದ ಪಂಕಜಂ ಕೈಗೆ ಬಂತು. ರುಕ್ಮಿಣಮ್ಮನ ತಂಗಿ, ಕೊಳ್ಳೇಗಾಲದಿಂದ ಬಂದವರು, ತಮಿಳು ಓದಲು ಬಾರದವರು. ಅಕ್ಕನ ಕೈಬರಹವನ್ನಾದರೂ ನೋಡೋಣವೆಂದು ಅವರು ಕನ್ನಡಕ ಏರಿಸಿ, ರುಜುವಿನ ಮೇಲೆ ಬೆರಳಾಡಿಸಿದರು. "ಇದು ಅಕ್ಕನ ಹೆಸರಲ್ಲವಲ್ಲಪ್ಪ," ಎಂದರು. "‘ಓದಿಲ್ಲ’ ಅಂತ ಬರೆದಿದ್ದಾಳೆ."