ಮಿಲ್ಲಿನಕ್ಕನ ಮನೆಅಳಿಯ

"ಮ್ಯಾನೇಜರ್ ಎಲ್ಲಿ?"

"ನಿಮ್ಮ ಎದುರಿಗೇ ನಿಂತಿದ್ದಾರೆ. ಮೊದಲು ಕಣ್ಣು ರಿಪೇರಿ ಮಾಡಿಸ್ಕೊಂಡು ಬನ್ನಿ, ಆಮೇಲೆ ಯಂತ್ರ ಮುಟ್ಟಿ."

ಹೊಸ ಮೆಕ್ಯಾನಿಕ್ ನಕ್ಕುಬಿಟ್ಟ. ಅವಳಿಗೆ ಮೈ ಉರಿಯಿತು.

ಊರವರೆಲ್ಲ ಪಾಲು ಹಾಕಿ ಕಟ್ಟಿದ ಎಣ್ಣೆ ಮಿಲ್ಲು ಅದು. ಅದರ ಮ್ಯಾನೇಜರ್ ಆದ ಅವಳು ಎಲ್ಲರ ಬಾಯಲ್ಲೂ ಮಿಲ್ಲಿನಕ್ಕ. ಮದುವೆಯಾಗಿ ಊರು ಬಿಟ್ಟ ಹೆಣ್ಣಿಗೆ ಪಾಲೂ ಇಲ್ಲ, ಕೆಲಸವೂ ಇಲ್ಲ ಎಂಬುದು ಕಟ್ಟಳೆ; ಹಾಗಾಗಿ ಅವಳಿಗೆ ಮನೆಅಳಿಯನೇ ಆಗಬೇಕಿತ್ತು. ಬಂದ ವರಗಳೋ, ಹುಡುಗಿಗಿಂತ ಮೊದಲು ಮಿಲ್ಲು ನೋಡುವವರು. ಬೆಲ್ಲಕ್ಕೆ ಮುತ್ತಿದ ನೊಣಗಳು! ಒಬ್ಬೊಬ್ಬರನ್ನೂ ಮೂಗು ಮುರಿದು ಅಟ್ಟಿದ್ದಳು.

ಇವನು ಮಾತ್ರ ತನ್ನ ಪಾಡಿಗೆ ದುಡಿಯುತ್ತಿದ್ದ. ಅವಳು ಗದರಿದರೆ ನಗುತ್ತಿದ್ದ. ಇವನೊಬ್ಬ ಬೇರೆ ಇರಬಹುದೇ… ಎಂದು ಮನಸ್ಸು ಮೆತ್ತಗಾಗುವ ಹೊತ್ತಿಗೆ, ಒಂದು ದಿನ ಗೋಡೆಯಾಚೆ ಅವನ ದನಿ ಕೇಳಿಸಿತು. ಊರಿಗೆ ಬಂದ ಅಳಿಯನಿಗೂ ಪಾಲು ಸಿಗುತ್ತದೆಯೇ ಎಂದು ಅವಳ ಚಿಕ್ಕಪ್ಪನನ್ನು ವಿಚಾರಿಸುತ್ತಿದ್ದ. ಸಿಗುತ್ತದೆ ಎಂದರು ಚಿಕ್ಕಪ್ಪ.

ಥೂ, ಇದೂ ಒಂದು ನೊಣವೇ!

ಅಂದಿನಿಂದ ಅವಳು ಅವನ ಮುಖವನ್ನೂ ನೋಡಲಿಲ್ಲ. ಅವನೂ ಬಾಯಿ ಬಿಡಲಿಲ್ಲ.

ಮಿಲ್ಲಿನ ಸಭೆಯಲ್ಲಿ ಚಿಕ್ಕಪ್ಪ ಎದ್ದು ನಿಂತರು. ಮೆಕ್ಯಾನಿಕ್‌ನನ್ನು ಮನೆಅಳಿಯ ಮಾಡಿಕೊಳ್ಳೋಣ, ಪಾಲು ಕೊಟ್ಟು ಅವನನ್ನೇ ಮ್ಯಾನೇಜರ್ ಮಾಡೋಣ, ಹುಡುಗಿ ಮನೆ ನೋಡಿಕೊಂಡಿರಲಿ ಎಂದರು. ಎಣ್ಣೆಗೂ ಹಿಂಡಿಗೂ ವ್ಯತ್ಯಾಸ ತಿಳಿಯದ ತಲೆಗಳೆಲ್ಲ ಹೌದೌದೆಂದು ಅಲ್ಲಾಡಿದವು.

"ಮಿಲ್ಲಿಗೆ ಮ್ಯಾನೇಜರ್ ಇದ್ದಾಳೆ ಚಿಕ್ಕಪ್ಪ. ಗಂಡ ಬೇಕಾದ್ರೆ ನಾನೇ ಹುಡುಕ್ಕೋತೀನಿ."

"ನನಗೆ ಪಾಲೂ ಬೇಡ, ಕುರ್ಚಿಯೂ ಬೇಡ," ಎಂದ ಅವನು. "ಅವರ ಕೈಕೆಳಗಾದ್ರೆ ಇರ್ತೀನಿ. ಇಲ್ಲಾಂದ್ರೆ ಇವತ್ತೇ ಹೊರಟೆ."

ಎಣ್ಣೆ ಅವಳಿಗಂತೆ, ಹಿಂಡಿ ಇವನಿಗಂತೆ ಎಂದು ಯಾರೋ ಗಂಡಸು ಕುಹಕವಾಡಿದ. ಕಾಳು ತರುವ ಹೆಂಗಸರು ಮಾತ್ರ ಮ್ಯಾನೇಜರ್ ಬದಲಾದರೆ ಕಾಳು ಬೇರೆ ಕಡೆ ಹೋಗುತ್ತದೆ ಎಂದುಬಿಟ್ಟರು. ಚಿಕ್ಕಪ್ಪ ತಮ್ಮ ಮಾತು ಹಿಂತೆಗೆದುಕೊಂಡರು.

ಎಲ್ಲರೂ ಹೋದ ಮೇಲೆ ಅವಳು ಕೇಳಿದಳು.

"ಹಾಗಾದ್ರೆ ಅವತ್ತು ಪಾಲು ವಿಚಾರಿಸಿದ್ದು ಯಾಕೆ?"

"ಸಿಗಲ್ಲ ಅಂತಾರೆ ಅಂದ್ಕೊಂಡಿದ್ದೆ. ಸಿಗಲ್ಲ ಅಂದಿದ್ರೆ ಅವತ್ತೇ ಮದುವೆ ಆಗ್ತೀರಾ ಅಂತ ನಿಮ್ಮನ್ನ ಕೇಳ್ತಿದ್ದೆ. ಸಿಗುತ್ತೆ ಅಂದ್ಬಿಟ್ರು… ಆಮೇಲೆ ಕೇಳಿದ್ರೆ ಪಾಲಿಗಾಗಿ ಅಲ್ಲ ಅಂತ ನೀವು ನಂಬ್ತಿದ್ರಾ?"

ಇಷ್ಟು ದಿನ ಕೂಡಿಟ್ಟ ತಿರಸ್ಕಾರವನ್ನೆಲ್ಲ ಎಲ್ಲಿ ಇಳಿಸುವುದೆಂದು ಅವಳಿಗೆ ತಿಳಿಯಲಿಲ್ಲ. ಕಣ್ಣು ತುಂಬಿತು.

"ಶುದ್ಧ ದಡ್ಡರು ನೀವು."

"ಹೂಂ. ಮನೆಅಳಿಯ ಆಗೋಕೆ ಅಷ್ಟು ಸಾಕಾ?"

"ಸಾಕು," ಎಂದು ಅವಳು ಅವನ ಕೈ ಹಿಡಿದಳು. "ಬುದ್ಧಿವಂತರನ್ನ ನೋಡಿ ನೋಡಿ ಸಾಕಾಗಿದೆ ನನಗೆ."