ಕಪ್ಪೆಗೆ ಇಟ್ಟ ಹೆಸರು

"ಹಸಿರು ಕಪ್ಪೆಗೆ ನೀಲಿ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರಪ್ಪಾ?"

ಮ್ಯೂಸಿಯಮ್ಮಿನಲ್ಲಿ ಫಲಕ ಬರೆಯುವವಳು ಗಾಜಿನ ಜಾಡಿಯ ಪಕ್ಕದ ಕಪ್ಪೆಯ ಫೋಟೋ ಮುಂದೆ ನಿಂತು ತನ್ನಷ್ಟಕ್ಕೆ ಗೊಣಗಿಕೊಂಡಿದ್ದಳು. ಉತ್ತರ ಮಾತ್ರ ಬೆನ್ನ ಹಿಂದಿನಿಂದ ಬಂತು.

"ಅವರು ಜೀವಂತ ಕಪ್ಪೆ ನೋಡಿರ್ಲಿಲ್ಲ ಮೇಡಂ. ಸ್ಪಿರಿಟ್‌ನಲ್ಲಿ ಅದರ ಹಳದಿ ಕರಗಿ ಬರೀ ನೀಲಿ ಉಳಿದಿತ್ತು."

ತಿರುಗಿ ನೋಡಿದಳು. ಹೊಸದಾಗಿ ಬಂದ ಕಪ್ಪೆ ವಿಜ್ಞಾನಿ. ಮೊಣಕಾಲವರೆಗೂ ಕೆಸರು, ಕಣ್ಣಲ್ಲಿ ನಗು... ಹಾಗಾದರೆ ಆ ತಪ್ಪು ಹೆಸರನ್ನು ಯಾಕೆ ತಿದ್ದಲಿಲ್ಲ ಎಂದು ಕೇಳಬೇಕಿತ್ತು. ಆ ನಗು ನೋಡಿ ಮರೆತೇಬಿಟ್ಟಳು. ಕೇಳಿದ್ದರೆ ಮುಂದೆ ಅಷ್ಟು ಅಳುವ ಪ್ರಮೇಯವೇ ಇರುತ್ತಿರಲಿಲ್ಲ!

ಕಪ್ಪೆಗಳ ಹೊಸ ವಿಭಾಗದಲ್ಲಿ ಪ್ರತಿ ಜಾಡಿಯ ಕೆಳಗೂ ವೈಜ್ಞಾನಿಕ ಹೆಸರಿನ ಅರ್ಥ ಬರೆಯುವುದು ಅವಳ ಕೆಲಸ. ನೆಪ ಸಿಕ್ಕಿತಲ್ಲ, ದಿನವೂ ಅವನ ಕೋಣೆಗೆ ಮಹಡಿ ಹತ್ತಿದಳು. ಕಪ್ಪೆಯ ದೂರದ ನೆಂಟನಾದ, ಹುಳುವಿನಂತಿರುವ ಕಾಲಿಲ್ಲದ ಜೀವಿಯ ಹೆಸರಿಗೆ 'ಕುರುಡು' ಎಂದರ್ಥ ಎಂದು ಅವನು ಹೇಳಿಕೊಟ್ಟ. ಗೊತ್ತಿದ್ದ ಅರ್ಥಗಳನ್ನೂ ಅವಳು ಗೊತ್ತಿಲ್ಲದವಳಂತೆ ಕೇಳಿಸಿಕೊಂಡಳು. ಪ್ರೀತಿ ಕುರುಡು ಅನ್ನುತ್ತಾರೆ. ಇವಳದ್ದಕ್ಕೆ ಮರೆವೂ ಇತ್ತು.

ಕೊನೆಗೆ ಉಳಿದದ್ದು, ವರ್ಷಗಳ ಹಿಂದೆ ಅವನೇ ಕಂಡುಹಿಡಿದ ಪುಟ್ಟ ಕಪ್ಪೆ. ಅದಕ್ಕೆ ಅವನು ಒಬ್ಬ ಹುಡುಗಿಯ ಹೆಸರಿಟ್ಟಿದ್ದ.

"ಅವನು ಮದುವೆಯಾಗಬೇಕಿದ್ದ ಹುಡುಗಿ ಕಣೇ," ಎಂದರು ಟಿಕೆಟ್ ಕೌಂಟರಿನ ಅಕ್ಕ.

ಅವಳು ಜಾಡಿಯ ಮೇಲಿನ ಹೆಸರನ್ನೇ ಮತ್ತೆ ಓದಿದಳು. 'ಇನ್ನೂ ಆ ಹೆಸರು ಅಳಿಸಿಲ್ಲ ಅಂದ್ರೆ... ಮನಸ್ಸಲ್ಲಿ ಅವಳೇ ಇದ್ದಾಳೆ. ನಾನ್ಯಾರು ಅವರಿಗೆ?'

ಮಹಡಿ ಹತ್ತುವುದನ್ನು ನಿಲ್ಲಿಸಿದಳು. ಅವನೇ ಕೆಳಗಿಳಿದು ಬಂದರೆ ತಲೆನೋವು ಎಂದಳು. ಆದರೂ ಮೆಟ್ಟಿಲ ಮೇಲೆ ಅವನ ಹೆಜ್ಜೆ ಸಪ್ಪಳ ಕೇಳಿದರೆ ಕುಂಚ ಹಿಡಿದ ಕೈ ನಿಂತುಬಿಡುತ್ತಿತ್ತು. ಹತ್ತಿರವಿದ್ದು ಹೀಗೆ ಬೇಯುವುದಕ್ಕಿಂತ ದೂರ ಹೋಗುವುದೇ ಮೇಲೆಂದು, ಬೇರೆ ಊರಿನ ಮ್ಯೂಸಿಯಮ್ಮಿಗೆ ವರ್ಗಾವಣೆ ಕೇಳಿದಳು.

ವಿಷಯ ಕಿವಿಗೆ ಬಿದ್ದೊಡನೆ ಅವನು ಓಡಿಬಂದ. ಆ ಪುಟ್ಟ ಕಪ್ಪೆಯ ಫಲಕ ಮಾತ್ರ ಇನ್ನೂ ಖಾಲಿಯಿತ್ತು.

"ಇದರ ಅರ್ಥ ನೀವೇ ಬರೀರಿ," ಎಂದಳು. "ನನ್ನ ಕೈಲಿ ಆಗಲ್ಲ."

ಅವನಿಗೆ ಆಗ ಎಲ್ಲವೂ ತಿಳಿಯಿತು. ಆ ಹುಡುಗಿ ಬೇರೆಯವರನ್ನು ಮದುವೆಯಾಗಿ ವರ್ಷಗಳೇ ಕಳೆದವು, ಈಗ ಎಲ್ಲೋ ಸುಖವಾಗಿದ್ದಾಳೆ ಎಂದು ಮೆಲ್ಲನೆ ಹೇಳಿದ.

"ಒಮ್ಮೆ ಅಚ್ಚಾದ ಹೆಸರನ್ನ, ತಪ್ಪಾಗಿದ್ರೂ, ಇಟ್ಟವನೂ ಅಳಿಸೋ ಹಾಗಿಲ್ಲ. ಅದು ಕಪ್ಪೆಗಳ ನಿಯಮ. ನನ್ನ ಮನಸ್ಸಿಗೆ ಆ ನಿಯಮ ಇಲ್ಲ... ಅಲ್ಲಿ ಈಗ ಇರೋದು ನೀವು."

ಅವಳ ಕಣ್ಣು ತುಂಬಿ ಬಂತು. ಅಳುವಿನ ನಡುವೆಯೇ ತುಂಟತನವೂ ಇಣುಕಿತು.

"ಹಾಗಾದ್ರೆ ಮುಂದಿನ ಕಪ್ಪೆಗೆ ನನ್ನ ಹೆಸರಾ?"

"ಊಹೂಂ. ಆ ಹೆಸರನ್ನ ನಾನು ದಿನಾ ಮನೇಲಿ ಕರೀಬೇಕು."

"ಇಷ್ಟು ದಿನ ಮೇಡಂ ಅಂತಲೇ ಕರೆದ್ರಲ್ಲ..."

ಅವನು ತಡವರಿಸುತ್ತಾ, ಮೊದಲ ಬಾರಿಗೆ ಅವಳನ್ನು ಹೆಸರು ಹಿಡಿದು ಕರೆದ.

ಅವಳು ಓಗೊಡಲಿಲ್ಲ.

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಕರೀರಿ."