ವಿಮಾನಕ್ಕೊಂದು ಜರಿ ಅಂಚು

"ಬಲಕ್ಕೆ ಒತ್ತು ಮಾವ, ಬಲಕ್ಕೆ!"

"ಒತ್ತೇ ಇವ್ನಿ ಕಣಮ್ಮಿ! ಅದು ಕೇಳ್ಬೇಕಲ್ಲ!"

ಮುತ್ತಯ್ಯ ಮಾವ ಕೈಯಲ್ಲಿದ್ದ ತಗಡಿನ ಡಬ್ಬಿಯ ಗುಂಡಿಯನ್ನು ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದ. ವಿಮಾನ ಮಾತ್ರ ಎಡಕ್ಕೇ ತಿರುಗಿತು. ಗಿರಗಿರ ಸುತ್ತುತ್ತಾ ಇಳಿದು, ಕೆರೆಯಂಗಳದಲ್ಲಿ ಮೇಯುತ್ತಿದ್ದ ಕುರಿಗಳ ನಡುವೆ ದೊಪ್ಪನೆ ಬಿತ್ತು. ಕುರಿಗಳು ದಿಕ್ಕಾಪಾಲಾಗಿ ಓಡಿದವು.

"ಯಾರ್ಲಾ ಅದು, ನಮ್ ಕುರಿ ಮ್ಯಾಲೆ ಬಾಂಬ್ ಆಕೋರು!" ಎಂದು ಕುರಿ ಕಾಯುವ ದೊಡ್ಡಮಾದಪ್ಪ ಕೋಲೆತ್ತಿದ.

ಶಿವನಂಜಿ ಎಲ್ಲರಿಗಿಂತ ಮೊದಲು ಓಡಿ ವಿಮಾನವನ್ನು ಎತ್ತಿಕೊಂಡಳು. ಮೂತಿಗೆ ಮಣ್ಣು ಮೆತ್ತಿತ್ತು. ಸದ್ಯ, ರೆಕ್ಕೆ ಮುರಿದಿರಲಿಲ್ಲ. ಹಿಂದೆಯೇ ಬಂದ ತಮ್ಮ ಚೌಡೇಶ ನಕ್ಕ.

"ಅಕ್ಕಾ, ಇದು ಎಡಚ ವಿಮಾನ ಕಣೆ!"

ಶಿವನಂಜಿಗೆ ನಗು ಬರಲಿಲ್ಲ. ಮಾವ ನಾಳೆ ಬಸ್ಸಿಗೆ ಬೆಂಗಳೂರಿಗೆ ಹೊರಡುವವನು. "ಸರ್ಯಾಗಿ ಆರಾಡುದ್ರೆ ಇದ ನಿಂಗೇ ಬುಟ್ಟೋಯ್ತೀನಿ. ಇಲ್ದಿದ್ರೆ ವಾಪಸ್ ತಕಂಡೋಗಿ ಯಾರ್ಗಾರ ಮಾರ್ಬುಡ್ತೀನಿ" ಎಂದು ಬಂದ ದಿನವೇ ಹೇಳಿದ್ದ.

ಮಾವ ಬೆಂಗಳೂರಿನ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಅಲ್ಲಿನ ಆಫೀಸರೊಬ್ಬರು ಟ್ರಾನ್ಸ್‌ಫರ್ ಆಗಿ ಹೋಗುವಾಗ ಈ ಹಳೇ ವಿಮಾನವನ್ನು ಅವನಿಗೆ ಕೊಟ್ಟಿದ್ದರು. ಡಬ್ಬಿಯ ಗುಂಡಿಯನ್ನು ಒಂದು ಸಲ ಒತ್ತಿ ಹಿಡಿದರೆ ಬಾಲ ಬಲಕ್ಕೆ ಹೊರಳಬೇಕು, ಎರಡು ಸಲ ಒತ್ತಿದರೆ ಎಡಕ್ಕೆ. ನಡುವೆ ದಾರವಿಲ್ಲ, ತಂತಿಯಿಲ್ಲ, ಎಲ್ಲ ರೇಡಿಯೋದಿಂದಲೇ.

"ರೇಡಿಯೋ ಅಂತೀಯ, ಒಂದು ಆಡೂ ಬರಾಕಿಲ್ವಲ್ಲಪ್ಪ" ಎಂದು ಮಹಾಲಕ್ಷ್ಮಮ್ಮಜ್ಜಿ ಡಬ್ಬಿಗೆ ಕಿವಿಯಿಟ್ಟು ನೋಡಿದ್ದಳು. ಎಂಜಿನ್ನಿಗೆ ಹಾಕುವ ಎಣ್ಣೆಯಲ್ಲಿ ಹರಳೆಣ್ಣೆಯೂ ಇದೆ ಎಂದು ತಿಳಿದಾಗ ಚೌಡೇಶ, "ನಮ್ಗೆ ಬೇದಿಗೆ ಕುಡಿಸ್ತಾರಲ್ಲ, ಅದಾ? ಅದ್ಕೇ ಇದು ಇಂಗೆ ಓಡೋದು!" ಅಂದಿದ್ದ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ವಿಮಾನದ ರೆಕ್ಕೆಯ ಕಾಗದ ಹರಿದುಹೋಗಿತ್ತು. "ಕಾಗದ ಬ್ಯಾಡ, ರೇಷ್ಮೆ ಆಕುವ. ಅಗುರ, ಗಟ್ಟಿ" ಎಂದ ಮಾವ. ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ರೇಷ್ಮೆಗೇನು ಬರ? ಅಜ್ಜಿ ಪೆಟ್ಟಿಗೆಯಿಂದ ಉಳಿಕೆ ತುಂಡುಗಳನ್ನು ತೆಗೆದಳು. ಒಂದು ತುಂಡಿಗೆ ಅಂಗೈ ಅಗಲದ ಜರಿ ಅಂಚಿತ್ತು. ಅಂಚನ್ನು ಕತ್ತರಿಸಲು ಶಿವನಂಜಿ ಹೋದರೆ ಅಜ್ಜಿ ಅವಳ ಕೈ ಹಿಡಿದಳು.

"ನಮ್ಮನೆ ಬಟ್ಟೆ ಉಟ್ಕಂಡು ಊರ್ ಮುಂದೆ ಓಗೋದು, ಅಂಚಿಲ್ದೆ ಬೋಳುಬೋಳಾಗಿ ಓಯ್ತದಾ? ವಿಮಾನ ಆದ್ರೇನು, ಮರ್ವಾದೆ ಬ್ಯಾಡ್ವಾ?"

ಹಾಗಾಗಿ ಎಡ ರೆಕ್ಕೆಯ ತುದಿಗೆ ಜರಿ ಅಂಚು ಬಂತು. "ಮದ್ವೆ ಎಣ್ಣಂಗದೆ!" ಎಂದು ಮಾವ ಮೇಲೆ ಬಾಳೆಹಣ್ಣಿನ ವಾಸನೆಯ ಬಣ್ಣವಿಲ್ಲದ ಪೇಂಟ್ ಬಳಿದ. ಒಣಗಿದ ಮೇಲೆ ರೇಷ್ಮೆ ತಮಟೆಯ ಹಾಗೆ ಬಿಗಿಯಿತು. ಅಷ್ಟೆಲ್ಲ ಮಾಡಿದರೂ ವಿಮಾನ ಹೀಗೆ ಬೀಳುತ್ತಿತ್ತು.

ಮನೆಗೆ ಬಂದು ಮಾವ ರೆಕ್ಕೆಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ವಿಮಾನದ ಹೊಟ್ಟೆ ತೆರೆದ. ಹಳೇ ಸೆಲ್ ತೆಗೆದು ಹೊಸದು ಹಾಕಿದ. ಬಾಲವನ್ನು ಎಳೆಯುವ ರಬ್ಬರ್ ಸಡಿಲವಾಗಿತ್ತು, ಅದನ್ನೂ ಬದಲಾಯಿಸಿದ. ಗುಂಡಿ ಒತ್ತಿದರೆ ಬಾಲ ಬಲಕ್ಕೆ, ಎಡಕ್ಕೆ ಸರಿಯಾಗಿಯೇ ಹೊರಳಿತು.

"ನೆಲದ್ ಮ್ಯಾಲೆ ಎಲ್ಲ ಸರ್ಯಾಗೇ ಅದೆ, ಮ್ಯಾಕೋದ್ರೆ ಎಡವಟ್ಟು" ಎಂದು ಮಾವ ತಲೆ ಕೆರೆದುಕೊಂಡ. "ನಂಗೇನೂ ತಿಳೀನಿಲ್ಲ ಕೂಸೆ. ಆ ರೆಕ್ಕೆಯ ಯಾರೂ ತುಳೀದಂಗೆ ಎಲ್ಲಾರ ತೂಗಾಕು. ನಾಳೆ ಕಟ್ಕಂಡೋಯ್ತೀನಿ."

ಶಿವನಂಜಿ ರೆಕ್ಕೆಯನ್ನು ಎತ್ತಿಕೊಂಡಳು. ರೆಕ್ಕೆಯ ನಟ್ಟನಡುವೆ ಒಂದೆಳೆ ದಾರ ಕಟ್ಟಿ ಮಗ್ಗದ ಮರಕ್ಕೆ ತೂಗುಹಾಕಿದಳು. ರೆಕ್ಕೆ ತೂಗಾಡಿ ತೂಗಾಡಿ ಎಡಕ್ಕೆ ವಾಲಿ ನಿಂತಿತು.

ದಾರ ಓರೆಯಾಗಿರಬೇಕೆಂದು ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೆ ವಾಲಿತು. ಗಾಳಿ ಇರಬೇಕೆಂದು ಕಿಟಕಿ ಮುಚ್ಚಿದಳು. ಆಗಲೂ ವಾಲಿತು. ಕೆಳಗಿಳಿದ ತುದಿಯಲ್ಲಿ ಜರಿ ಮಿರಮಿರ ಮಿನುಗುತ್ತಿತ್ತು.

ಅಪ್ಪ ನೇಯ್ದ ಸೀರೆಗಳನ್ನು ತಾನು ಹೊತ್ತು ಹೋಗುವಾಗ ಜರಿ ಅಂಚಿನ ಕಡೆಯೇ ಕೈ ಜಗ್ಗುತ್ತಿದ್ದುದು ಅವಳಿಗೆ ನೆನಪಾಯಿತು.

"ಮಾವಾ! ರೇಡಿಯೋ ಕೆಟ್ಟಿಲ್ಲ! ಅಂಚು ಭಾರ ಕಣ್ ಮಾವ, ಅಂಚು!"

ಮಾವ ಬಂದು ನೋಡಿ ಹಣೆ ಚಚ್ಚಿಕೊಂಡ. "ಥೂ ನನ್ನ! ಬಳಿಯೋವಾಗ ನಂಗೂ ಒಳೀನಿಲ್ವಲ್ಲ. ತತ್ತಾ ಬ್ಲೇಡು, ಕಿತ್ತಾಕ್ಬುಡುವ."

ಪಡಸಾಲೆಯಲ್ಲಿ ಅಜ್ಜಿಯ ರಾಟೆಯ ಸದ್ದು ನಿಂತಿತು. "ಕೀಳಿ, ಕೀಳಿ. ಅದು ಆರಾಡ್ಬೇಕಲ್ಲ, ಕೀಳಿ" ಎಂದಳು ಅಜ್ಜಿ. ರಾಟೆ ಮತ್ತೆ ತಿರುಗಿತು, ಆದರೆ ಎಳೆ ಪಟ್ಟನೆ ಕಡಿದುಹೋಯಿತು. ಅಜ್ಜಿಯ ಕೈಯಲ್ಲಿ ಎಳೆ ಕಡಿದದ್ದನ್ನು ಶಿವನಂಜಿ ಹಿಂದೆಂದೂ ನೋಡಿಯೇ ಇರಲಿಲ್ಲ. ಅವಳಿಗೆ ಬಹಳ ಬೇಜಾರಾಯಿತು.

ಅವಳು ರೆಕ್ಕೆಗೆ ಕೈ ಅಡ್ಡ ಹಿಡಿದಳು. "ಪೂರ್ತಿ ಕೀಳ್ಬ್ಯಾಡ ಮಾವ. ಸೀರೆಗೆ ಎರಡು ಕಡೆನೂ ಅಂಚಿರಲ್ವಾ? ಇದ್ನೇ ಅರ್ಧ ಮಾಡಿ ಆ ಕಡಿಗೂ ಆಕುವ."

ಮಾವ ಅಜ್ಜಿಯ ಕಡೆ ನೋಡಿದ. ಅಜ್ಜಿ ಸೊಂಟ ಹಿಡಿದುಕೊಂಡು ಎದ್ದು ಬಂದಳು.

"ಎತ್ಲಾಗಿಡ್ಲಾ ಬ್ಲೇಡ. ಜರಿ ಕುಯ್ಯಕೆ ನಿಂಗೆ ಬರಾಕಿಲ್ಲ" ಎಂದು ತನ್ನ ಕತ್ತರಿ ತೆಗೆದಳು.

ಅಂಚು ಎರಡಾಯಿತು. ಮನೆಯ ತುಂಬ ಮತ್ತೆ ಬಾಳೆಹಣ್ಣಿನ ವಾಸನೆ. ಒಣಗಿದ ಮೇಲೆ ರೆಕ್ಕೆಯನ್ನು ತೂಗುಹಾಕಿದರೆ ಅದು ಅತ್ತ ತೂಗಿತು, ಇತ್ತ ತೂಗಿತು, ನೆಟ್ಟಗೆ ನಿಂತಿತು.

ಬೆಳಿಗ್ಗೆ ಅಜ್ಜಿಯೂ ಕೆರೆಯಂಗಳಕ್ಕೆ ಬಂದಳು. ದೊಡ್ಡಮಾದಪ್ಪ ಇವರನ್ನು ಕಂಡವನೇ ಕಂಬಳಿಯನ್ನು ತಲೆ ಮೇಲೆಳೆದುಕೊಂಡು ಕುರಿಗಳನ್ನು ದೂರ ಹೊಡೆದ. ಎಂಜಿನ್ ಗುರ್ರೆಂದಿತು. ಮಾವ ಕೈ ಬಿಟ್ಟೊಡನೆ ವಿಮಾನ ನೆಟ್ಟಗೆ ಮೇಲೇರಿತು.

ಒಂದು ಸಲ ಒತ್ತಿದ, ಬಲಕ್ಕೆ ಹೋಯಿತು. ಎರಡು ಸಲ ಒತ್ತಿದ, ಎಡಕ್ಕೆ ಬಂತು.

"ತಕಳವ್ವ, ಇನ್ ನಿಂದು" ಎಂದು ಮಾವ ಡಬ್ಬಿಯನ್ನು ಶಿವನಂಜಿಯ ಕೈಗಿಟ್ಟ. ಅವಳು ಗುಂಡಿ ಒತ್ತಿದಳು. ಅಷ್ಟೆತ್ತರದ ವಿಮಾನ ಅವಳ ಮಾತು ಕೇಳಿ ಬಲಕ್ಕೆ ತಿರುಗಿತು! ಚೌಡೇಶ ಕುಣಿದಾಡಿದ. ಅವಳು ಗುಂಡಿ ಬಿಟ್ಟಳು. ವಿಮಾನ ದೂರದ ಬೆಟ್ಟದ ಕಡೆಗೆ ಚುಕ್ಕೆಯಾಗಿ ಸಾಗಿತು.

ಅಜ್ಜಿ ಹುಬ್ಬಿನ ಮೇಲೆ ಕೈಯಿಟ್ಟು ಆಕಾಶವನ್ನೆಲ್ಲ ಹುಡುಕಿದಳು. "ಅಂಚು ಕಾಣ್ತದಾ ಕೂಸೆ? ನಂಗೊಂದೂ ಕಾಣಾಕಿಲ್ಲ."

ಅಷ್ಟು ದೂರದಲ್ಲಿ ಶಿವನಂಜಿಗೂ ಅಂಚು ಕಾಣುತ್ತಿರಲಿಲ್ಲ. ಆದರೆ ವಿಮಾನ ಅತ್ತಲೂ ವಾಲದೆ, ಇತ್ತಲೂ ವಾಲದೆ ನೆಟ್ಟಗೆ ಹೋಗುತ್ತಿತ್ತು.

"ಕಾಣ್ತದೆ ಅಜ್ಜಿ" ಎಂದಳು. "ಎರಡೂ ಕಡೆ ಅದೆ."

ಅದು ಸುಳ್ಳು ಅಂತ ಅವಳಿಗೆ ಅನ್ನಿಸಲಿಲ್ಲ.